ಏಕವಚನ, ಬಹುವಚನ ಮತ್ತೆ ಹಿತ್ತಲ ಲೋಟ: ಸೀರಿಯಲ್ ಡೈಲಾಗ್ ಬರೆಯೋ ನನ್ನ ಅನುಭವ

ಕನ್ನಡ ಸೀರಿಯಲ್‌ಗಳಿಗೆ ಡೈಲಾಗ್ ಬರೆಯೋಕೆ ಶುರು ಮಾಡಿ ಒಂಬತ್ತು ವರ್ಷ ಆಯ್ತು. ಮೊದಲ ಮೂರು ವರ್ಷ ಮನೆಕೆಲಸದವರ ಪಾತ್ರಕ್ಕೆ ನಾನು ಬರೆದಿದ್ದು ಹೆಚ್ಚುಕಮ್ಮಿ ಮೂರೇ ಸಾಲು. "ಕಾಫಿ ತಗೊಳಿ ಅಮ್ಮಾವ್ರೇ", "ಯಾರೋ ಬಂದಿದಾರೆ ಅಮ್ಮಾವ್ರೇ", ಆಮೇಲೆ ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡಿದ್ದನ್ನ ಇನ್ನೊಬ್ರಿಗೆ ಮುಟ್ಟಿಸೋ ಒಂದು ಸಾಲು. ಸೀನ್ ಪೇಪರಲ್ಲಿ ಅವರಿಗೆ ಹೆಸರೂ ಇರ್ತಿರ್ಲಿಲ್ಲ, ಬರೀ "ಕೆಲಸದವಳು".

ಶ್ರೀಮಂತರು ಬಡವರು ಅಂತ ಸೀರಿಯಲಲ್ಲಿ ಹೇಗೆ ತೋರಿಸ್ತೀವಿ ಅಂದ್ರೆ ಮೊದಲು ಮನೆ. ದಿನ ಬಾಡಿಗೆಗೆ ಸಿಗೋ ಬಂಗಲೆ, ಹಾಲ್ ಮಧ್ಯದಿಂದ ಮೇಲಕ್ಕೆ ಹೋಗೋ ಮೆಟ್ಟಿಲು, ತೂಗುದೀಪ, ಅಷ್ಟಾದ್ರೆ ಶ್ರೀಮಂತಿಕೆ ಮುಗೀತು. ಕಷ್ಟ ಇರೋದು ಬಡವರ ಮನೆದು, ಯಾಕಂದ್ರೆ ನಿಜವಾದ ಹತ್ತು ಬೈ ಹತ್ತರ ರೂಮಲ್ಲಿ ಕ್ಯಾಮ್ರಾ, ಲೈಟು, ಆರೇಳು ಜನ ಆರ್ಟಿಸ್ಟು ಹಿಡಿಯಲ್ಲ, ಹಾಗಾಗಿ ತೆರೆ ಮೇಲೆ ಬಡವರ ಮನೆ ಹಾಲೂ ಮದುವೆ ಛತ್ರದ ಊಟದ ಹಾಲ್ ತರ ಅಗಲ ಇರುತ್ತೆ, ಗೋಡೆಗೆ ಮಾತ್ರ ಹಸಿರು ಬಣ್ಣ ಹೊಡೆದು ಅಲ್ಲಲ್ಲಿ ಕೆರೆದಿರ್ತಾರೆ. ಬಟ್ಟೇನೂ ಅಷ್ಟೇ. ಬಡ ಮನೆ ಹುಡುಗಿ ವಾರದಲ್ಲಿ ಎರಡು ಸಲ ಅದೇ ಚೂಡಿದಾರ್ ಹಾಕ್ಲಿ ಅಂತ ನಾನು ಎಷ್ಟೋ ಸಲ ಕೇಳಿದೀನಿ, ಆರ್ಟಿಸ್ಟುಗಳು ಬಟ್ಟೆ ಸಾಮಾನ್ಯವಾಗಿ ತಾವೇ ತರೋದ್ರಿಂದ ಅದು ನಡೆಯೋದು ಕಮ್ಮಿ.

ಟಿಆರ್‌ಪಿ ಲೆಕ್ಕದಲ್ಲೂ ವರ್ಗ ಅಂದ್ರೆ ಸಾಮಾನೇ. ನಾನು ಫೀಲ್ಡಿಗೆ ಬಂದಾಗ ಇದ್ದ ಪದ್ಧತೀಲಿ ನೋಡುಗರ ಮನೆಗಳನ್ನ ಎ1ರಿಂದ ಇ3ರವರೆಗೆ 12 ದರ್ಜೆ ಮಾಡಿದ್ರು, ಅದಕ್ಕೆ ನೋಡೋದು ಎರಡೇ: ಮನೆ ನಡೆಸೋರು ಎಷ್ಟು ಓದಿದಾರೆ, ಮತ್ತೆ ಫ್ಯಾನು, ಗ್ಯಾಸ್ ಒಲೆ, ಫ್ರಿಜ್ಜು, ಕಾರು, ಜಮೀನು ಈ ತರದ 11ರಲ್ಲಿ ಎಷ್ಟಿವೆ ಅಂತ. ಜಾಹೀರಾತಿನೋರಿಗೆ ಅದು ಬೇಕು, ಒಪ್ಕೋತೀನಿ. ಆದ್ರೆ ಕಥೆ ಬರೆಯೋ ನಾನೂ ಸಾಮಾನು ಎಣಿಸ್ತಾ ಕೂತಿದ್ದೆ.

ಅದನ್ನ ಬಿಡಿಸಿದ್ದು ಒಬ್ರು ಹಿರಿಯ ಕಲಾವಿದೆ. ಕೆಲಸದವರ ಪಾತ್ರ ಮಾಡ್ತಿದ್ರು, ಅರವತ್ತು ದಾಟಿತ್ತು. ಬ್ರೇಕಲ್ಲಿ ಪೇಪರ್ ಹಿಡ್ಕೊಂಡು ಬಂದು, "ನೋಡಮ್ಮಾ, ಈ ಹುಡುಗ ಊರಿಗೆಲ್ಲಾ ಒಳ್ಳೆಯವನು ಅಂತ ಬರೀತೀಯ, ರಸ್ತೇಲಿ ಸಿಕ್ಕಿದ ಅಜ್ಜಿಗೆ ಹೋಗಿ ಬನ್ನಿ ಅಂತಾನೆ, ನಂಗೆ ಮಾತ್ರ ಯಾಕೆ ಏಕವಚನ?" ಅಂದ್ರು. ಕೋಪ ಇರ್ಲಿಲ್ಲ ಅವರಿಗೆ, ನಿಜವಾಗ್ಲೂ ಪಾತ್ರ ಅರ್ಥ ಮಾಡ್ಕೊಳೋಕೆ ಕೇಳಿದ್ದು. ನನ್ನ ಹತ್ರ ಉತ್ತರ ಇರ್ಲಿಲ್ಲ, ನಾನು ಯೋಚ್ನೆ ಮಾಡಿ ಬರೆದಿದ್ದಲ್ಲ ಅದು, ಕೈಗೆ ತಾನೇ ಬಂದಿತ್ತು.

ಅವತ್ತಿಂದ ಪ್ರತಿ ಸೀನ್ ಬರೆಯೋಕೆ ಮುಂಚೆ ಯಾರು ಯಾರಿಗೆ ನೀನು ಅಂತಾರೆ, ಯಾರು ಯಾರಿಗೆ ನೀವು ಅಂತಾರೆ ಅಂತ ಪೇಪರ್ ಅಂಚಲ್ಲಿ ಬರ್ಕೊಳೋದು ಅಭ್ಯಾಸ ಆಯ್ತು. ಇದ್ರಲ್ಲಿ ಎಷ್ಟು ಕಥೆ ಇದೆ ಅಂದ್ರೆ, ಬಡವರ ಮನೆಯಿಂದ ಬಂದ ಸೊಸೆಗೆ ಅತ್ತೆ "ನೀವು ಕೂತ್ಕೊಳಿ, ನಿಮಗೆ ಇದೆಲ್ಲ ಗೊತ್ತಾಗಲ್ಲ" ಅಂದ್ರೆ ಅದು ಮರ್ಯಾದೆ ಅಲ್ಲ, ಹೊರಗೆ ನಿಲ್ಲಿಸೋದು, ಅದೇ ಅತ್ತೆ ಒಂದಿನ "ಬಾರೇ ಇಲ್ಲಿ" ಅಂದ್ರೆ ಆ ಸೊಸೆ ಮನೆ ಒಳಗೆ ಬಂದಂಗೆ. ಆದ್ರೆ ಕೆಲಸದವರಿಗೆ "ಬಾರೇ" ಅಂದ್ರೆ ಅದು ಬೇರೇನೇ.

ಭಾಷೆ ವಿಷಯಾನೂ ಹೇಳ್ಬೇಕು. ಯಜಮಾನರ ಮನೇಲಿ ಬೆಂಗಳೂರು–ಮೈಸೂರು ಕಡೆ ಕನ್ನಡ, ಡ್ರೈವರ್ರಿಗೋ ಅಡುಗೆಯವರಿಗೋ ಮಂಡ್ಯದ್ದೋ ಉತ್ತರ ಕರ್ನಾಟಕದ್ದೋ, ಅದೂ ನಗಿಸೋಕೆ. ಒಂದಿಡೀ ಸೀಮೆಯ ಮಾತನ್ನ ನಾವು ಸಂಬಳದ ಚೀಟಿ ತರ ಬಳಸ್ತಿದೀವಿ. ಹಾಗಾಗಿ ನಾನು ಒಂದು ಕಥೇಲಿ ಧಾರವಾಡದ ಮಾತನ್ನ ಕಂಪನಿ ಎಂಡಿ ಪಾತ್ರಕ್ಕೇ ಕೊಟ್ಟೆ.

ಇನ್ನು ದುಡ್ಡು. ಸೀರಿಯಲಲ್ಲಿ ದುಡ್ಡು ಅಂದ್ರೆ ಕೋಟಿ, ಯಾರೂ ಮುನ್ನೂರು ರೂಪಾಯಿ ಬಗ್ಗೆ ಮಾತಾಡಲ್ಲ. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆಯ್ತಲ್ಲ, ಆಮೇಲೂ ನಮ್ಮ ಬಡ ಹುಡುಗಿ ಬಿಎಂಟಿಸಿ ಟಿಕೆಟ್ಟಿಗೆ ಚಿಲ್ಲರೆ ಹುಡುಕೋ ಸೀನ್ ಪೇಪರಲ್ಲಿತ್ತು. ನಾನು ಅದನ್ನ ತೆಗೆದು, ಬಸ್ಸಿಗೆ ಉಳಿದ ದುಡ್ಡಲ್ಲಿ ಕೆಲಸದಾಕೆ ಚೀಟಿ ಕಟ್ಟೋದು ಬರೆದೆ. ಮೀಟಿಂಗಲ್ಲಿ "ಡಲ್ ಆಗುತ್ತೆ, ಬಡತನ ನೋಡೋಕೆ ಯಾರು ಟೀವಿ ಹಾಕ್ತಾರೆ" ಅಂದ್ರು. ಮೆಸ್ ನಡೆಸೋ ಹೆಂಗಸಿನ ಪಾತ್ರದಲ್ಲಿ ಉಮಾಶ್ರೀ ಅವರಿದ್ದ ಪುಟ್ಟಕ್ಕನ ಮಕ್ಕಳು 2021ರ ಕೊನೇಲಿ ಶುರುವಾಗಿ ಟಿಆರ್‌ಪಿ ಪಟ್ಟೀಲಿ ಮೇಲೇ ಇತ್ತಲ್ಲ ಅಂದೆ. ಚೀಟಿ ಸೀನ್ ಉಳೀತು.

ಆಮೇಲೆ ಧೈರ್ಯ ಮಾಡಿ ಲೋಟದ ಸೀನ್ ಬರೆದೆ. ಹಾಸನದ ಹತ್ರ ನಮ್ಮಜ್ಜಿ ಮನೇಲಿ ಹಿತ್ತಲ ಕಟ್ಟೆ ಮೇಲೆ ಒಂದು ಅಲ್ಯೂಮಿನಿಯಂ ಲೋಟ ಬೋರಲು ಹಾಕಿರ್ತಿದ್ರು, ಕೆಲಸಕ್ಕೆ ಬರೋರಿಗೆ ಅಂತಾನೇ. ಮನೆ ಲೋಟಗಳ ಜೊತೆ ಅದು ಯಾವತ್ತೂ ಸೇರ್ತಿರ್ಲಿಲ್ಲ, ಇದು ಬರೀ ದುಡ್ಡಿನ ಮಾತಲ್ಲ, ಜಾತೀನೂ ಹೌದು. ಸೀನಲ್ಲಿ ಮಾತೇ ಇಡ್ಲಿಲ್ಲ. ಆದ್ರೆ ಸೀರಿಯಲ್ ನೋಡೋರು ಅರ್ಧ ಹೊತ್ತು ಅಡುಗೆಮನೇಲಿ ಒಗ್ಗರಣೆ ಹಾಕ್ತಾ ಬರೀ ಕೇಳಿಸ್ಕೊಳೋರು, ಮಾತಿಲ್ಲ ಅಂದ್ರೆ ಸೀನ್ ಅವರಿಗೆ ತಲುಪಲ್ಲ ಅನ್ನೋ ಭಯ ಎಲ್ರಿಗೂ ಇರುತ್ತೆ. ಅದಕ್ಕೇ ಶಬ್ದ ಬರೆದೆ: ಮೇಲಿಂದ ಕಾಫಿ ಸುರಿಯೋದು, ನಲ್ಲಿ ನೀರು, ಕಲ್ಲಿನ ಮೇಲೆ ಲೋಟ ಬೋರಲು ಬಿದ್ದ ಸದ್ದು. ಮ್ಯೂಸಿಕ್ ಬೇಡ ಅಂತ ಡೈರೆಕ್ಟ್ರ ಹತ್ರ ಕಾಡಿ ಬೇಡಿ ಒಪ್ಪಿಸಿದೆ.

ಟೆಲಿಕಾಸ್ಟ್ ಆದ ರಾತ್ರಿ ಅಮ್ಮ ಫೋನ್ ಮಾಡಿದ್ರು. ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ. ಆಮೇಲೆ, "ಗೌರಮ್ಮ ಹಂಗೇ ತೊಳ್ದು ಬೋರಲು ಹಾಕೋಳು" ಅಂದ್ರು, ಒಂದು ಕ್ಷಣ ಬಿಟ್ಟು, "ಹಾಕೋರು" ಅಂದ್ರು.