ಮ್ಯಾರಥಾನ್ 4 ಗಂಟೆಯೊಳಗೆ: ಕೊನೆಯ 10 ಕಿ.ಮೀ. ಕೈಕೊಡದಂತೆ ಓಡುವುದು ಹೇಗೆ?

ಮೊದಲ ಮ್ಯಾರಥಾನ್ ಓಡುವಾಗ ಮುಗಿಸಿದರೆ ಸಾಕು ಅನ್ನಿಸಿರುತ್ತದೆ. ಮುಗಿಸಿ ಕಾಲುನೋವು ಇಳಿಯುವ ಹೊತ್ತಿಗೆ ತಲೆಯಲ್ಲಿ ಒಂದು ಸಂಖ್ಯೆ ಬಂದು ಕೂರುತ್ತದೆ. 4 ಗಂಟೆ 17 ನಿಮಿಷ ಆಯ್ತು, ಮುಂದಿನ ಸಲ 4 ಗಂಟೆಯೊಳಗೆ ಆಗಲ್ವಾ?

ಈ ಹುಚ್ಚು ನಿಮ್ಮೊಬ್ಬರದೇ ಅಲ್ಲ. ಸುಮಾರು 97 ಲಕ್ಷ ಮ್ಯಾರಥಾನ್ ಫಲಿತಾಂಶಗಳನ್ನು ಜಾಲಾಡಿದ ಅರ್ಥಶಾಸ್ತ್ರದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. 3 ಗಂಟೆ, 3:30, 4 ಗಂಟೆಯಂಥ ದುಂಡು ಸಂಖ್ಯೆಗಳ ಸ್ವಲ್ಪ ಮುಂಚೆ ಓಟ ಮುಗಿಸಿದವರ ಗುಂಪು ದಟ್ಟವಾಗಿರುತ್ತದೆ, ಗಡಿ ದಾಟಿದ ಕೂಡಲೇ ತೆಳುವಾಗುತ್ತದೆ ಎಂದು ಅದು ತೋರಿಸಿತು. ದೇಹಕ್ಕೆ 3:59ಕ್ಕೂ 4:01ಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ. ಮನಸ್ಸಿಗೆ ಮಾತ್ರ ಅದೇ ಎಲ್ಲ.

ಇಲ್ಲಿ 4 ಗಂಟೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ನಿಮ್ಮ ಗುರಿ ಬೇರೆ ಇದ್ದರೆ ಅಂಕಿಗಳನ್ನು ಬದಲಿಸಿಕೊಳ್ಳಿ. ಒಂದು ವಿಷಯ ಮಾತ್ರ ಎಲ್ಲರಿಗೂ ಒಂದೇ: ಗುರಿ ತಪ್ಪುವ ಬಹುತೇಕರಿಗೆ ವೇಗದ ಕೊರತೆ ಇರುವುದಿಲ್ಲ. 4 ಗಂಟೆಗೆ ಬೇಕಾದ ಪೇಸ್‌ನಲ್ಲಿ (ಒಂದು ಕಿ.ಮೀ.ಗೆ ಹಿಡಿಯುವ ಸಮಯ) ಅವರು 15 ಕಿ.ಮೀ. ಹರಟೆ ಹೊಡೆಯುತ್ತಲೇ ಓಡಬಲ್ಲರು. 32ನೇ ಕಿ.ಮೀ. ನಂತರ ಅದೇ ಪೇಸ್ ಕೈಗೆ ಸಿಗುವುದಿಲ್ಲ. ಹಾಗಾಗಿ ಮುಂದಿನ ಎಲ್ಲ ಹಂತಗಳೂ ಆ ಕೊನೆಯ 10 ಕಿ.ಮೀ.ಗಾಗಿ ಮಾಡುವ ತಯಾರಿ.

ಹಂತ 1: ಸಂಖ್ಯೆಯನ್ನು ಕಾಲಿನಿಂದ ಕೇಳಿ

ಗುರಿ ಸಮಯ ಇತ್ತೀಚಿನ ಓಟದಿಂದ ಬರಬೇಕು. ಗೆಳೆಯರ ಸಮಯ ನೋಡಿ ಅಥವಾ ಐದು ವರ್ಷದ ಹಿಂದಿನ ನಿಮ್ಮದೇ ದಾಖಲೆ ನೋಡಿ ನಿರ್ಧರಿಸಬೇಡಿ. ಕಳೆದ ಎರಡು ಮೂರು ತಿಂಗಳಲ್ಲಿ ಜೀವ ಬಿಟ್ಟು ಓಡಿದ ಹಾಫ್ ಮ್ಯಾರಥಾನ್ (21.1 ಕಿ.ಮೀ.) ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಲೆಕ್ಕಕ್ಕೆ ಪೀಟರ್ ರೀಗೆಲ್ ಎಂಬ ಎಂಜಿನಿಯರ್ 1977ರಲ್ಲಿ ಕೊಟ್ಟ ಸೂತ್ರವನ್ನು ಇವತ್ತಿಗೂ ಆ್ಯಪ್‌ಗಳು ಬಳಸುತ್ತವೆ. ಅದರ ಪ್ರಕಾರ ಹಾಫ್ ಸಮಯವನ್ನು 2.085ರಿಂದ ಗುಣಿಸಿದರೆ ಫುಲ್ ಸಮಯ ಸಿಗುತ್ತದೆ. ನಿಮ್ಮ ಹಾಫ್ 1 ಗಂಟೆ 52 ನಿಮಿಷ ಇದ್ದರೆ ಮ್ಯಾರಥಾನ್ ಸುಮಾರು 3:53.

ಇದನ್ನು ನಂಬಿ ಕುಣಿಯಬೇಡಿ. 2,303 ಹವ್ಯಾಸಿ ಓಟಗಾರರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಜನರ ಮಟ್ಟಿಗೆ ಈ ಸೂತ್ರ ನಿಜವಾದ ಸಮಯಕ್ಕಿಂತ 10 ನಿಮಿಷ ಅಥವಾ ಅದಕ್ಕೂ ಜಾಸ್ತಿ ಬೇಗ ಮುಗಿಯುತ್ತದೆಂಬ ಆಸೆ ತೋರಿಸಿತ್ತು. ವಾರಕ್ಕೆ 40 ಕಿ.ಮೀ. ಓಡುವವರಿಗೂ 80 ಕಿ.ಮೀ. ಓಡುವವರಿಗೂ ಸೂತ್ರ ಒಂದೇ ಉತ್ತರ ಕೊಡುತ್ತದೆ, ಕಾಲುಗಳು ಕೊಡುವುದಿಲ್ಲ. ವಾರದ ದೂರ 50ಕ್ಕಿಂತ ಕಡಿಮೆ ಇದ್ದರೆ ಸೂತ್ರದ ಉತ್ತರಕ್ಕೆ ಕಣ್ಣುಮುಚ್ಚಿ 7ರಿಂದ 10 ನಿಮಿಷ ಸೇರಿಸಿ. ಹಾಗೆ ನೋಡಿದರೆ 1:52ರ ಹಾಫ್ ಓಟಗಾರರಿಗೆ 4 ಗಂಟೆ ನ್ಯಾಯವಾದ ಗುರಿ. 2:05 ಇದ್ದವರಿಗೆ ಈ ಸಲಕ್ಕೆ ಅಲ್ಲ.

800 ಮೀಟರನ್ನು ಹತ್ತು ಸಲ, ಪ್ರತಿ ಸಲ 4 ನಿಮಿಷಕ್ಕೆ, ಓಡಿದರೆ 4 ಗಂಟೆಯ ಮ್ಯಾರಥಾನ್ ಗ್ಯಾರಂಟಿ ಅನ್ನುವ ಮಾತೂ ಇದೆ. ಬಾರ್ಟ್ ಯಾಸೊ ಹೆಸರಿನ ಈ ಅಭ್ಯಾಸ ಒಳ್ಳೆಯದೇ. ಆದರೆ 8 ಕಿ.ಮೀ. ಓಟ 42ನೇ ಕಿ.ಮೀ.ನ ಭವಿಷ್ಯ ಹೇಳುತ್ತದೆ ಅಂತ ನನಗಂತೂ ಅನ್ನಿಸಿಲ್ಲ.

ಹಂತ 2: ಗುರಿಯನ್ನು ಪೇಸ್‌ಗೆ ಇಳಿಸಿ

ದೂರ 42.195 ಕಿ.ಮೀ. ಇದನ್ನು 4 ಗಂಟೆಗೆ ಭಾಗಿಸಿದರೆ ಕಿ.ಮೀ.ಗೆ 5 ನಿಮಿಷ 41 ಸೆಕೆಂಡ್. 3:30ಕ್ಕೆ 4:58, 4:30ಕ್ಕೆ 6:23, 5 ಗಂಟೆಗೆ 7:06.

ಎಷ್ಟೋ ಜನ 5:41 ಎಂದು ಕೈಮೇಲೆ ಬರೆದುಕೊಂಡು ಓಡಿ, 4 ಗಂಟೆ 1 ನಿಮಿಷಕ್ಕೆ ಮುಗಿಸಿ, ವಾಚ್‌ಗೆ ಬೈಯುತ್ತಾರೆ. ವಾಚ್‌ದೇನೂ ತಪ್ಪಿಲ್ಲ. ಮ್ಯಾರಥಾನ್ ದಾರಿಯನ್ನು ಅಳೆಯುವಾಗ ತಿರುವುಗಳ ಒಳ ಅಂಚು ಹಿಡಿದು, ಸಾಧ್ಯವಿರುವ ಅತಿ ಹತ್ತಿರದ ಗೆರೆಯಲ್ಲಿ ಸೈಕಲ್ ಓಡಿಸಿ ಅಳೆಯುತ್ತಾರೆ. ದಾರಿ ಎಲ್ಲೂ ಕಡಿಮೆ ಬೀಳಬಾರದೆಂದು ಸಾವಿರಕ್ಕೆ ಒಂದರಂತೆ, ಅಂದರೆ ಸುಮಾರು 42 ಮೀಟರ್, ಸೇರಿಸಿಯೇ ಇಡುತ್ತಾರೆ. ನೀವೋ ಜನರನ್ನು ದಾಟುತ್ತಾ, ನೀರಿನ ಮೇಜಿನ ಕಡೆ ವಾಲುತ್ತಾ ಓಡುತ್ತೀರಿ. ಕೊನೆಗೆ ವಾಚ್ 42.5 ತೋರಿಸುವುದು ಮಾಮೂಲು. ಅಷ್ಟು ದೂರವನ್ನು 5:41ರಲ್ಲಿ ಓಡಿದರೆ 4 ಗಂಟೆ ದಾಟಿರುತ್ತದೆ. ಹಾಗಾಗಿ ವಾಚ್‌ನಲ್ಲಿ 5:37 ಇಟ್ಟುಕೊಳ್ಳಿ. ದಾರಿಯ ಬದಿಯ ಕಿ.ಮೀ. ಫಲಕಗಳನ್ನೂ ನೋಡುತ್ತಿರಿ. ಅಧಿಕೃತ ದೂರ ಹೇಳುವುದು ಅವೇ.

ದೊಡ್ಡ ಓಟವೊಂದಕ್ಕೆ ಪ್ರವೇಶ ಪಡೆಯಲು ಬೇಕಾದ ಅರ್ಹತಾ ಸಮಯಕ್ಕಾಗಿ ಓಡುವವರಿಗೆ ಇನ್ನೂ ಹೆಚ್ಚಿನ ಅಂತರ ಬೇಕು. 2025ರ ಬಾಸ್ಟನ್ ಮ್ಯಾರಥಾನ್‌ಗೆ ಅರ್ಹತಾ ಸಮಯ ಮುಟ್ಟಿದ್ದರೆ ಮಾತ್ರ ಸಾಲಲಿಲ್ಲ. ಅದಕ್ಕಿಂತ 6 ನಿಮಿಷ 51 ಸೆಕೆಂಡ್ ಮುಂದಿದ್ದವರಿಗಷ್ಟೇ ಜಾಗ ಸಿಕ್ಕಿತು.

ಹಂತ 3: 16 ವಾರ, ಬಹುಪಾಲು ನಿಧಾನವಾಗಿ

ಈಗಾಗಲೇ ವಾರಕ್ಕೆ 30–35 ಕಿ.ಮೀ. ಓಡುತ್ತಿರುವವರಿಗೆ 16ರಿಂದ 18 ವಾರ ಬೇಕು. ಅಷ್ಟೂ ಓಡದವರು ಮೊದಲು ಅಲ್ಲಿಗೆ ಬನ್ನಿ. ಎದೆನೋವು, ತಲೆಸುತ್ತು, ರಕ್ತದೊತ್ತಡದ ತೊಂದರೆ ಇರುವವರು ಡಾಕ್ಟರನ್ನು ಕಂಡೇ ಶುರು ಮಾಡಿ.

ವಾರಕ್ಕೆ ಐದು ದಿನ ಸಾಕು. ಮೂರು ದಿನ ಈಸಿ ರನ್, ಒಂದು ದಿನ ಜೋರು, ಒಂದು ದಿನ ಲಾಂಗ್ ರನ್. ಈಸಿ ಅಂದರೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗಬೇಕು. 4 ಗಂಟೆಯ ಗುರಿಯವರಿಗೆ ಇದು ಕಿ.ಮೀ.ಗೆ ಆರೂವರೆ ನಿಮಿಷದ ಆಚೀಚೆ. ಇಷ್ಟು ನಿಧಾನವಾಗಿ ಓಡಿದರೆ ಯಾರಾದರೂ ನೋಡಿ ನಗುತ್ತಾರೇನೋ ಅಂತ ಬಹಳ ಜನ ಬೇಗ ಓಡುತ್ತಾರೆ. ಅಲ್ಲೇ ಎಡವಟ್ಟು. ಉನ್ನತ ಮಟ್ಟದ ಓಟಗಾರರ ತರಬೇತಿಯನ್ನು ವರ್ಷಗಟ್ಟಲೆ ಗಮನಿಸಿದ ವಿಜ್ಞಾನಿ ಸ್ಟೀಫನ್ ಸೈಲರ್, ಅವರು ಸುಮಾರು ಶೇ 80ರಷ್ಟು ಅಭ್ಯಾಸವನ್ನು ಹಗುರವಾಗಿಯೇ ಮಾಡುತ್ತಾರೆ ಎಂದು ತೋರಿಸಿದರು. ಈಸಿ ದಿನ ದಣಿದರೆ ಜೋರಿನ ದಿನ ಜೋರಾಗಿ ಓಡಲು ಆಗುವುದಿಲ್ಲ. ವಾರವಿಡೀ ಮಧ್ಯಮ ವೇಗದ ಒಂದೇ ಗುಡ್ಡೆಯಾಗಿ ಉಳಿಯುತ್ತದೆ.

ಜೋರಿನ ದಿನ ಒಂದು ವಾರ ಟೆಂಪೋ (ನಿಲ್ಲದೆ ಒಂದೇ ಜೋರು ವೇಗದ ಓಟ), ಇನ್ನೊಂದು ವಾರ ಇಂಟರ್ವಲ್ (ನಡುವೆ ಬಿಡುವು ಕೊಡುತ್ತಾ ಓಡುವ ಚಿಕ್ಕ ಜೋರು ಓಟಗಳು). 20ರಿಂದ 40 ನಿಮಿಷದ ಟೆಂಪೋ ಹೇಗಿರಬೇಕೆಂದರೆ ಎರಡು ಮೂರು ಪದಕ್ಕಿಂತ ಜಾಸ್ತಿ ಆಡಲಾಗದಷ್ಟು ಉಸಿರು ಏರಿರಬೇಕು, ಬಾಯಿ ಬಿಡುವಷ್ಟಲ್ಲ.

ಇನ್ನು ಲಾಂಗ್ ರನ್. ಈ ತಯಾರಿಯಲ್ಲಿ ಇದಕ್ಕೇ ಹೆಚ್ಚಿನ ತೂಕ. 18 ಕಿ.ಮೀ.ನಿಂದ ಶುರುಮಾಡಿ, ಎರಡು ಮೂರು ವಾರ ಏರಿಸಿ, ಒಂದು ವಾರ ಇಳಿಸಿ, ಹೀಗೆ 30–32ರವರೆಗೆ ಹೋಗಿ. ಕೊನೆಯ ದೊಡ್ಡ ಓಟ ಮ್ಯಾರಥಾನ್‌ಗೆ ಮೂರು ವಾರ ಮೊದಲು ಮುಗಿಯಬೇಕು. 5 ಗಂಟೆಯ ಗುರಿಯವರು 32ರ ಹಟ ಹಿಡಿಯಬೇಡಿ. ಅವರಿಗೆ ಅದು 4 ಗಂಟೆ ದಾಟುತ್ತದೆ, ಚೇತರಿಕೆಗೇ ವಾರ ಹೋಗುತ್ತದೆ. ಮೂರೂವರೆ ಗಂಟೆಗೆ ನಿಲ್ಲಿಸಿ.

ಲಾಂಗ್ ರನ್‌ಗಳೆಲ್ಲ ಒಂದೇ ನಿಧಾನದಲ್ಲಿ ಇರಬಾರದು. ಎಂಟನೇ ವಾರದ ನಂತರ ಎರಡು ವಾರಕ್ಕೊಮ್ಮೆ ಅದರ ಕೊನೆಯ ಭಾಗವನ್ನು ಗುರಿಯ ಪೇಸ್‌ನಲ್ಲಿ ಓಡಿ. 22ರಲ್ಲಿ ಕೊನೆಯ 6, 26ರಲ್ಲಿ ಕೊನೆಯ 10, 30ರಲ್ಲಿ ಕೊನೆಯ 12. ಕಾಲು ದಣಿದ ಮೇಲೆ 5:37 ಹೇಗಿರುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ. ತಾಜಾ ಕಾಲಿನಲ್ಲಿ ಆ ಪೇಸ್ ಎಲ್ಲರಿಗೂ ಸುಲಭವೇ.

ಒಂದು ವಾರ ಜ್ವರವೋ ಕೆಲಸವೋ ಬಂದು ಓಟ ತಪ್ಪಿದರೆ ಬಿಟ್ಟುಬಿಡಿ. ಮುಂದಿನ ವಾರ ಎರಡನ್ನೂ ಸೇರಿಸಿ ಓಡಲು ಹೋದವರೇ ಗಾಯ ಮಾಡಿಕೊಳ್ಳುವುದು.

ಮ್ಯಾರಥಾನ್‌ಗೆ ನಾಲ್ಕೈದು ವಾರ ಇರುವಾಗ ಒಂದು ಹಾಫ್ ಓಡಿ ನೋಡಿ. 1:53ರ ಒಳಗೆ ಬಂದರೆ ಗುರಿ ಸರಿಯಿದೆ. 1:58 ಬಂದರೆ 4 ಗಂಟೆ ಬಿಟ್ಟು 4:10ರ ಪೇಸ್‌ಗೆ ಇಳಿಯಿರಿ. ಬೇಜಾರಾಗುತ್ತದೆ, ನಿಜ. 35ನೇ ಕಿ.ಮೀ.ನಲ್ಲಿ ನಡೆಯುವುದು ಇನ್ನೂ ಬೇಜಾರು.

ಹಂತ 4: ಹೊಟ್ಟೆಗೂ ತರಬೇತಿ ಕೊಡಿ

ಓಡುವಾಗ ಪ್ರತಿ ಕಿ.ಮೀ.ಗೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1 ಕಿಲೋ ಕ್ಯಾಲರಿ ಖರ್ಚಾಗುತ್ತದೆ. 65 ಕಿಲೋ ತೂಗುವವರಿಗೆ ಇಡೀ ಮ್ಯಾರಥಾನ್‌ಗೆ 2,700ರ ಹತ್ತಿರ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ (ದೇಹ ಕೂಡಿಡುವ ಕಾರ್ಬೋಹೈಡ್ರೇಟ್) ಆಗಿ ಕೂಡಿಟ್ಟಿರುವುದು ಸುಮಾರು 2,000. ಒಂದಷ್ಟು ಶಕ್ತಿ ಕೊಬ್ಬಿನಿಂದ ಬರುತ್ತದೆ. ಆದರೆ ಕೊಬ್ಬು ನಿಧಾನವಾಗಿ ಉರಿಯುತ್ತದೆ. ಗ್ಲೈಕೋಜನ್ ತಳ ಕಂಡಾಗ ಪೇಸ್ ಬೀಳಲೇಬೇಕು. 30–35 ಕಿ.ಮೀ. ನಡುವೆ ಎದುರಾಗುವ, ಓಟಗಾರರು ‘ವಾಲ್’ (ಗೋಡೆ) ಅನ್ನುವ ದಿಢೀರ್ ಸುಸ್ತು ಬಹುಮಟ್ಟಿಗೆ ಇದೇ. ಶುರುವಿನಲ್ಲಿ ಜೋರಾಗಿ ಓಡಿದಷ್ಟೂ ಗ್ಲೈಕೋಜನ್ ಬೇಗ ಕರಗುತ್ತದೆ.

ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಓಡುತ್ತಲೇ ನುಂಗುವ ಸಕ್ಕರೆಪಾಕದಂಥ ಚಿಕ್ಕ ಪೊಟ್ಟಣವಾದ ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20–25 ಗ್ರಾಂ ಇರುತ್ತದೆ. ಅಂದರೆ 25–30 ನಿಮಿಷಕ್ಕೊಂದು, ಜೊತೆಗೆ ನೀರು. ಸುಸ್ತಾದ ಮೇಲೆ ತಗೊಂಡರಾಯ್ತು ಅನ್ನಬೇಡಿ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮೊದಲನೆಯದು ಅರ್ಧ ಗಂಟೆಗೇ. ಎಲ್ಲರ ಹೊಟ್ಟೆಯೂ ಇದನ್ನು ಒಂದೇ ದಿನ ಒಪ್ಪುವುದಿಲ್ಲ, ಅದಕ್ಕೇ ಲಾಂಗ್ ರನ್‌ಗಳಲ್ಲಿ ಅಭ್ಯಾಸ ಮಾಡಿ. ಓಟದ ದಿನ ಅದೇ ಬ್ರ್ಯಾಂಡ್, ಅದೇ ರುಚಿ.

ನೀರು ಬಾಯಾರಿಕೆಗೆ ತಕ್ಕಷ್ಟು. ಪ್ರತಿ ಮೇಜಿನಲ್ಲೂ ಎರಡೆರಡು ಲೋಟ ಕುಡಿಯುವುದು ಅಪಾಯ. 2002ರ ಬಾಸ್ಟನ್ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಮಟ್ಟ ಕುಸಿದಿತ್ತು. ಓಟದ ವೇಳೆ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರಲ್ಲಿ, ಇದು ಹೆಚ್ಚು ಕಂಡಿತು. ನೋವಿನ ಮಾತ್ರೆ ನುಂಗಿ ಓಡುವ ಚಾಳಿಯನ್ನೂ ಬಿಡಿ. ಐಬುಪ್ರೊಫೆನ್ ಥರದವು ದೂರದ ಓಟದಲ್ಲಿ ಮೂತ್ರಪಿಂಡಕ್ಕೆ ಭಾರ.

ಹಂತ 5: ಕೊನೆಯ ಎರಡು ವಾರ

ಓಟದ ದೂರವನ್ನು ಅರ್ಧದಷ್ಟು ಇಳಿಸಿ. ಜೋರಿನ ದಿನ ಇರಲಿ, ಆದರೆ ಚಿಕ್ಕದಾಗಿ. ಟೇಪರ್ ಅನ್ನುವ ಈ ಹೊತ್ತಿನಲ್ಲಿ ಮೈ ಭಾರ ಅನ್ನಿಸುತ್ತದೆ, ಇಲ್ಲದ ಮಂಡಿನೋವು ಬರುತ್ತದೆ, ಇನ್ನೊಂದು 25 ಓಡಿಬಿಡಲಾ ಅನ್ನಿಸುತ್ತದೆ. ಸುಮ್ನೆ ಇರಿ. ಕೊನೆಯ ಎರಡು ದಿನ ಕಾರ್ಬೋಹೈಡ್ರೇಟ್ ಹೆಚ್ಚಿಸಿ, ನಾರು ಮತ್ತು ಕೊಬ್ಬು ಕಡಿಮೆ ಮಾಡಿ. ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ಗಾಬರಿ ಬೇಡ, ಅದರ ಹಿಂದಿನ ರಾತ್ರಿಗಳು ಮುಖ್ಯ. ಹೊಸ ಶೂ ಖಂಡಿತ ಬೇಡ, ಅದರ ಅಡಿಯಲ್ಲಿ ವೇಗ ಹೆಚ್ಚಿಸುವ ಕಾರ್ಬನ್ ಪ್ಲೇಟ್ ಇದ್ದರೂ ಸರಿ.

ಹಂತ 6: ಓಟದ ದಿನ

ಬೆಳಿಗ್ಗೆ ಎದ್ದ ಕೂಡಲೇ ಹವೆ ನೋಡಿ. ಮ್ಯಾರಥಾನ್‌ಗೆ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಹಿತ. ಅದು 20 ದಾಟಿ ತೇವವೂ ಇದ್ದರೆ ಗುರಿಯನ್ನು ಹಲವು ನಿಮಿಷ ಸಡಿಲಿಸಿ. ಹೊರಡುವ ಗೆರೆಯ ನೂಕುನುಗ್ಗಲಿಗೆ ತಲೆಕೆಡಿಸಿಕೊಳ್ಳಬೇಡಿ. ನಿಮ್ಮ ಚಿಪ್ ಟೈಮ್ (ನಿಮ್ಮ ಮೇಲಿನ ಚಿಪ್ ದಾಖಲಿಸುವ ಸಮಯ) ನೀವು ಗೆರೆ ದಾಟಿದ ಮೇಲಷ್ಟೇ ಶುರು.

ಮೊದಲ 5 ಕಿ.ಮೀ. 5:45ರಲ್ಲಿ. ಎಲ್ಲರೂ ದಾಟಿ ಹೋಗುತ್ತಾರೆ, ಹೋಗಲಿ. ಆಮೇಲೆ 5:37ಕ್ಕೆ ಕೂತುಬಿಡಿ. ಅರ್ಧದ ಗೆರೆ ದಾಟುವಾಗ 2 ಗಂಟೆ ಆಗಿದ್ದರೆ ನೀವು ಸರಿಯಾದ ಜಾಗದಲ್ಲೇ ಇದ್ದೀರಿ. ಇದೇ ಪೇಸ್ ಉಳಿಸಿಕೊಂಡರೆ 3:59:20ರ ಹೊತ್ತಿಗೆ ಮುಗಿಯುತ್ತದೆ.

‘ಮೊದಲೇ ಐದು ನಿಮಿಷ ಉಳಿಸಿಟ್ಟುಕೊಂಡರೆ ಕೊನೆಗೆ ಆಗುತ್ತದೆ’ ಅನ್ನುವ ಯೋಚನೆ ಎಲ್ಲರಿಗೂ ಬರುತ್ತದೆ. ಆ ಐದು ನಿಮಿಷ ಉಳಿತಾಯ ಅಲ್ಲ, ಮೀಟರ್ ಬಡ್ಡಿ ಸಾಲ. 14 ಮ್ಯಾರಥಾನ್‌ಗಳ ಸುಮಾರು 92 ಸಾವಿರ ಫಲಿತಾಂಶ ನೋಡಿದ 2015ರ ಅಧ್ಯಯನದಲ್ಲಿ ಎರಡನೇ ಅರ್ಧದಲ್ಲಿ ಗಂಡಸರು ಸರಾಸರಿ ಶೇ 15.6, ಹೆಂಗಸರು ಶೇ 11.7 ನಿಧಾನವಾಗಿದ್ದರು. ಮೊದಲರ್ಧ 1:55ಕ್ಕೆ ಮುಗಿಸಿ ಶೇ 15.6 ನಿಧಾನವಾದರೆ ಎರಡನೇ ಅರ್ಧಕ್ಕೆ 2:13 ಬೇಕು. ಒಟ್ಟು 4:08. ಕೆಲ್ವಿನ್ ಕಿಪ್ಟಮ್ 2023ರಲ್ಲಿ ಶಿಕಾಗೋದಲ್ಲಿ 2:00:35ರ ವಿಶ್ವದಾಖಲೆ ಮಾಡಿದಾಗಲೂ ಎರಡನೇ ಅರ್ಧವೇ ಒಂದು ನಿಮಿಷ ಬೇಗ ಮುಗಿದಿತ್ತು.

30 ದಾಟಿದ ಮೇಲೆ ಒಟ್ಟು ಸಮಯದ ಲೆಕ್ಕ ಬಿಡಿ. ಈ ಒಂದು ಕಿ.ಮೀ. ಮಾತ್ರ ನೋಡಿ. ಹೆಜ್ಜೆ ಚಿಕ್ಕದು ಮಾಡಿ, ಲಯ ಬಿಡಬೇಡಿ, ಭುಜ ಸಡಿಲ ಬಿಡಿ. ಜೆಲ್ ಬೇಡವೆನಿಸಿದರೂ 35ರವರೆಗೆ ತಗೊಳ್ಳಿ. ದಾಟಿ ಹೋದವರು ಒಬ್ಬೊಬ್ಬರಾಗಿ ಹಿಂದೆ ಬೀಳತೊಡಗುವುದು ಇಲ್ಲೇ. ಎದೆಯಲ್ಲಿ ನೋವು, ಗೊಂದಲ, ನಡುಕ ಬಂದರೆ ಮಾತ್ರ ಗುರಿ ಬದಿಗಿಟ್ಟು ವೈದ್ಯಕೀಯ ಸಿಬ್ಬಂದಿಯ ಬಳಿ ಹೋಗಿ.

ಹಂತ 7: ಮರುದಿನ 5 ಕಿ.ಮೀ. ಅಂಕಿಗಳನ್ನು ಓದಿ

ಚಿಪ್ ಕೊಟ್ಟ 5 ಕಿ.ಮೀ. ವಿಭಾಗಗಳ ಪಟ್ಟಿ ತೆಗೆದು ನೋಡಿ. 20ರ ಸುತ್ತಲೇ ಪೇಸ್ ಬಿದ್ದಿದ್ದರೆ ಗುರಿಯೇ ದುಬಾರಿಯಾಗಿತ್ತು, ಅಥವಾ ಶುರು ಜೋರಾಗಿತ್ತು. 32ರಲ್ಲಿ ದಿಢೀರನೆ ಬಿದ್ದಿದ್ದರೆ ಜೆಲ್‌ಗಳ ಲೆಕ್ಕ ಪರೀಕ್ಷಿಸಿ. ಉಸಿರು ಸರಿಯಿದ್ದೂ ತೊಡೆ ಕಲ್ಲಾಗಿದ್ದರೆ ಮುಂದಿನ ಸಲ ವಾರದ ದೂರ, ಲಾಂಗ್ ರನ್‌ಗಳ ಸಂಖ್ಯೆ ಎರಡೂ ಹೆಚ್ಚಬೇಕು. ಕೊನೆಯ 5 ಕಿ.ಮೀ. ಎಲ್ಲಕ್ಕಿಂತ ಬೇಗ ಓಡಿದ್ದರೆ ಗುರಿ ಮೆತ್ತಗಿತ್ತು, ಐದು ನಿಮಿಷ ಬಿಗಿ ಮಾಡಬಹುದು. ಎರಡು ವಾರ ಜೋರು ಓಟ ಬೇಡ. ಮುಂದಿನ ಮ್ಯಾರಥಾನ್‌ಗೆ ಹೆಸರು ಕೊಡುವ ಮುನ್ನ ನಾಲ್ಕೈದು ತಿಂಗಳ ಅಂತರ ಇದೆಯೇ ಎಂದು ಕ್ಯಾಲೆಂಡರ್ ನೋಡಿಕೊಳ್ಳಿ.