ಅಕ್ಷರ ಆಮೇಲೆ, ಮೊದಲು ಹಾಡು ಮತ್ತು ಪುಸ್ತಕ

ಎರಡು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಅ, ಆ, ಇ, ಈ ತಿದ್ದಿಸಲು ಹೋಗಬೇಡಿ. ಬಾಯಿಪಾಠ ಮಾಡಿಸಿದರೆ ಗಿಣಿಯ ಹಾಗೆ ಒಪ್ಪಿಸುತ್ತದೆ, ನಮಗೂ ಖುಷಿಯಾಗುತ್ತದೆ. ಆದರೆ ಹಾಳೆಯ ಮೇಲಿನ ಆ ಗೆರೆಗೂ ತಾನು ಆಡುವ ಮಾತಿಗೂ ಏನು ನಂಟು ಅಂತ ಅದಕ್ಕೆ ಇನ್ನೂ ಗೊತ್ತಿಲ್ಲ. ಮೊದಲು ಕಿವಿ ಪಳಗಬೇಕು, ಮಾತು ತುಂಬಿಕೊಳ್ಳಬೇಕು, ಪುಸ್ತಕ ಕಂಡರೆ ಆಸೆ ಹುಟ್ಟಬೇಕು. ಇದಕ್ಕೆ ಬೇಕಾಗಿರುವುದು ನಾಲ್ಕೈದು ಪುಸ್ತಕ, ನಿಮ್ಮ ತೊಡೆ, ನಿಮ್ಮ ದನಿ.

ಪುಸ್ತಕದ ಆಯ್ಕೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದಪ್ಪ ರಟ್ಟಿನ ಹಾಳೆ ಇರಲಿ, ಪುಟಕ್ಕೆ ಒಂದೋ ಎರಡೋ ದೊಡ್ಡ ಚಿತ್ರ, ಒಂದೆರಡು ಸಾಲು ಮಾತು, ಅದರಲ್ಲಿ ಪ್ರಾಸ ಇದ್ದರೆ ಇನ್ನೂ ಚೆಂದ. ಆರು ತಿಂಗಳ ಕೂಸು ಪುಸ್ತಕವನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ವರ್ಷದ ಹೊತ್ತಿಗೆ ಚಿತ್ರದ ಕಡೆ ಬೆರಳು ತೋರಿಸುತ್ತದೆ, ಒಂದೂವರೆ ವರ್ಷಕ್ಕೆ ಎರಡು ಮೂರು ಹಾಳೆಯನ್ನು ಒಟ್ಟಿಗೆ ಮಗುಚುತ್ತದೆ. ಅದರ ಪಾಲಿಗೆ ಇದೆಲ್ಲ ಓದೇ. ಹಾಳು ಮಾಡುತ್ತದೆ ಅಂತ ಕಿತ್ತುಕೊಂಡು ಮೇಲಿನ ಶೆಲ್ಫಿನಲ್ಲಿ ಇಡಬೇಡಿ. ಆಟಿಕೆಗಳ ಜೊತೆ ನೆಲದ ಮೇಲೆ, ಕೈಗೆ ಸಿಗುವ ಹಾಗಿರಲಿ.

ಓದಲು ಕೂತರೆ ಕೊನೆಯ ಪುಟದವರೆಗೆ ಮುಗಿಸಲೇಬೇಕು ಅನ್ನುವ ಹಠ ಬಿಡಿ. ಮಗು ಯಾವ ಚಿತ್ರದ ಮೇಲೆ ಬೆರಳಿಟ್ಟಿತೋ ಅಲ್ಲೇ ನಿಲ್ಲಿ. "ಇದೇನು?" ಅಂತ ಕೇಳಿ ಐದಾರು ಸೆಕೆಂಡ್ ಸುಮ್ನೆ ಕಾಯಿರಿ. ಈ ಕಾಯುವುದೇ ಕಷ್ಟ, ನಮ್ಮ ಬಾಯಿ ತಾನಾಗಿ ಉತ್ತರ ಹೇಳಿಬಿಡುತ್ತದೆ. ಮಗು "ನಾಯಿ" ಅಂದರೆ ನೀವು "ಹೌದು, ಕಪ್ಪು ನಾಯಿ, ಓಡ್ತಾ ಇದೆ" ಅನ್ನಿ. ಅದು ಕೊಟ್ಟ ಒಂದು ಪದಕ್ಕೆ ಇನ್ನೆರಡು ಪದ ಸೇರಿಸಿ ವಾಪಸ್ ಕೊಡುವುದು, ಅಷ್ಟೇ ಕೆಲಸ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರ ತಂಡ, ಎರಡು ವರ್ಷದ ಆಸುಪಾಸಿನ ಮಕ್ಕಳ ಅಪ್ಪ ಅಮ್ಮಂದಿರಿಗೆ ಹೀಗೆ ಓದುವುದನ್ನು ಹೇಳಿಕೊಟ್ಟು ನೋಡಿತು. ಒಂದೇ ತಿಂಗಳಿಗೆ ಆ ಮಕ್ಕಳು, ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮಾತಿನಲ್ಲಿ ಮುಂದೆ ಹೋಗಿದ್ದರು. ಎಷ್ಟು ಓದುತ್ತೀರಿ ಅನ್ನುವುದಕ್ಕಿಂತ ಮಗುವಿಗೆ ಎಷ್ಟು ಮಾತಾಡಲು ಬಿಡುತ್ತೀರಿ ಅನ್ನುವುದು ಮುಖ್ಯ.

ಅದೇ ಪುಸ್ತಕ ಮತ್ತೆ ಬೇಕು ಅಂತ ಹಠ ಮಾಡಿದರೆ ಓದಿ. ನನ್ನ ಮಗಳು ಆನೆಯ ಪುಸ್ತಕವೊಂದನ್ನು ಎರಡು ತಿಂಗಳು ದಿನಾ ರಾತ್ರಿ ಓದಿಸಿಕೊಂಡಳು. ಒಂದು ದಿನ ನಿದ್ದೆಗಣ್ಣಲ್ಲಿ ನಾನು ಒಂದು ಪುಟ ಹಾರಿಸಿದೆ, ಅವಳು ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. ಹಾಳೆಯ ಮೇಲಿರುವ ಮಾತು ಯಾವತ್ತೂ ಅದೇ, ಓದುವವರ ಇಷ್ಟದಂತೆ ಬದಲಾಗುವುದಿಲ್ಲ ಅಂತ ಅವಳಿಗೆ ತಿಳಿದುಬಿಟ್ಟಿತ್ತು. ಓದು ಬರಹಕ್ಕೆ ಅದೇ ಬುನಾದಿ ಅಲ್ವಾ? 2011ರಲ್ಲಿ ಜೆಸಿಕಾ ಹೋರ್ಸ್ಟ್ ಮತ್ತು ಅವರ ಜೊತೆಗಾರರು ಮೂರು ವರ್ಷದ ಮಕ್ಕಳಲ್ಲಿ ಕಂಡದ್ದೂ ಇಂಥದ್ದೇ. ಹೊಸ ಪದಗಳನ್ನು ಬೇರೆ ಬೇರೆ ಕಥೆಗಳಲ್ಲಿ ಕೇಳಿದವರಿಗಿಂತ, ಒಂದೇ ಕಥೆಯಲ್ಲಿ ಮತ್ತೆ ಮತ್ತೆ ಕೇಳಿದವರು ಚೆನ್ನಾಗಿ ಕಲಿತರು.

ಈಗ ಹಾಡು. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ. ನಾವು ಮಾತಾಡುವಾಗ ಪದಗಳು ಒಂದಕ್ಕೊಂದು ಅಂಟಿಕೊಂಡು ಓಡುತ್ತವೆ. ಹಾಡುವಾಗ ಅವು ನಿಧಾನವಾಗುತ್ತವೆ, ಒಂದೊಂದು ಸ್ವರಕ್ಕೆ ಪದದ ಒಂದೊಂದು ತುಂಡು ಬೀಳುತ್ತದೆ, ಪದವನ್ನು ಬಿಡಿಸಬಹುದು ಅನ್ನುವುದು ಹೀಗೆ ಕಿವಿಗೆ ಗೊತ್ತಾಗುತ್ತದೆ. ಕನ್ನಡದಲ್ಲಿ ಇದು ಇನ್ನೂ ಸುಲಭ. ಚಪ್ಪಾಳೆ ತಟ್ಟುತ್ತಾ "ಆ-ನೆ" ಅನ್ನಿ. ಎರಡು ಚಪ್ಪಾಳೆ, ಬರೆದರೂ ಎರಡೇ ಅಕ್ಷರ. "ಕಿ-ಟ-ಕಿ" ಮೂರು ಚಪ್ಪಾಳೆ, ಮೂರು ಅಕ್ಷರ. "ಅಕ್-ಕ" ಅಂದಾಗಲೂ ಅಷ್ಟೇ, ಬರೆಯುವಾಗ ಒತ್ತು ಬಂದರೂ ಚಪ್ಪಾಳೆ ಎರಡು, ಅಕ್ಷರ ಎರಡು. (ಬಸ್, ಕಾರ್ ತರದ ಪದಗಳಲ್ಲಿ ಈ ಲೆಕ್ಕ ತಪ್ಪುತ್ತದೆ, ಅವನ್ನು ಸದ್ಯಕ್ಕೆ ಬಿಡಿ.) ಹೀಗೆ ತಾಳ ಹಾಕಿ ಬೆಳೆದ ಮಗು ಮುಂದೆ ಅಕ್ಷರದ ಎದುರು ಕೂತಾಗ, ತಾನು ಚಪ್ಪಾಳೆ ತಟ್ಟುತ್ತಿದ್ದ ತುಂಡುಗಳನ್ನೇ ಇಲ್ಲಿ ಬರೆದಿದ್ದಾರೆ ಅಂತ ಹಿಡಿಯುವುದು ಸುಲಭ.

ಪ್ರಾಸದ ಕೆಲಸವೂ ಇಂಥದ್ದೇ. ನಾಲ್ಕೈದು ವರ್ಷಕ್ಕೆ ಪ್ರಾಸ ಗುರುತಿಸಬಲ್ಲ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾಗಿದ್ದರು ಅಂತ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ ತೋರಿಸಿದರು. ದೊಡ್ಡ ಹಾಡೇ ಬೇಕಿಲ್ಲ, ಸ್ನಾನ ಮಾಡಿಸುವಾಗ ನೀವೇ ಕಟ್ಟಿ:

ಕೈ ತೊಳೆ, ಕಾಲು ತೊಳೆ,
ತಲೆಯ ಮೇಲೆ ನೊರೆ ಮಳೆ!

ನಾಲ್ಕು ದಿನ ಪೂರ್ತಿ ಹಾಡಿ. ಐದನೇ ದಿನ "ನೊರೆ..." ಅಂತ ಹೇಳಿ ನಿಲ್ಲಿಸಿ, ಮಗುವಿನ ಮುಖ ನೋಡಿ. ಮೊದಲು ನಗುತ್ತದೆ, ಆಮೇಲೆ "ಮ" ಅನ್ನುತ್ತದೆ, ಇನ್ನು ಕೆಲವು ದಿನಕ್ಕೆ "ಮಳೆ" ಅಂತ ಕಿರುಚುತ್ತದೆ. "ಬಳೆ" ಅಂದರೆ ತಿದ್ದಬೇಡಿ, ಅದು ತಾನೇ ಪ್ರಾಸ ಹುಡುಕಿಕೊಂಡಿದೆ! ಮರುದಿನ ಬಳೆ ಹಾಕಿಯೇ ಹಾಡಿ. ಪ್ರಾಸವಿರುವ ಪುಸ್ತಕ ಇದ್ದರೆ ಅದನ್ನೂ ರಾಗ ಹಾಕಿ ಹಾಡಬಹುದು, ಆಗ ಸಾಲಿನ ಕೆಳಗೆ ಎಡದಿಂದ ಬಲಕ್ಕೆ ಬೆರಳು ಓಡಿಸಿ. ಏನನ್ನೂ ವಿವರಿಸಬೇಡಿ, ಕಣ್ಣು ತಾನೇ ಕಲಿಯುತ್ತದೆ. ನಿಮಗೆ ರಾಗ ಸರಿ ಬರದಿದ್ದರೆ ಅದಕ್ಕಾಗಿ ಹಾಡುವುದನ್ನು ನಿಲ್ಲಿಸಬೇಡಿ, ಹುಟ್ಟುವ ಮೊದಲೇ ಹೊಟ್ಟೆಯೊಳಗಿಂದ ಕೇಳಿದ ಅಮ್ಮನ ದನಿ ಮಗುವಿಗೆ ಯಾವ ಗಾಯಕರ ದನಿಗಿಂತಲೂ ಹತ್ತಿರದ್ದು.

ಹಾಗಾದರೆ ಫೋನಿನಲ್ಲಿ ಹಾಡು ಹಾಕಿ ಕೊಟ್ಟರೆ ಸಾಲದೇ? ಸಾಲದು. 2003ರಲ್ಲಿ ಪೆಟ್ರೀಷಿಯಾ ಕೂಲ್ ಅವರ ತಂಡ ಒಂಬತ್ತು ತಿಂಗಳ ಅಮೆರಿಕದ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಎದುರಿಗೆ ಕೂತು ಆಡಿಸುತ್ತಾ, ಪುಸ್ತಕ ಓದುತ್ತಾ ಮಾತಾಡಿದಾಗ ಅವು ಆ ಭಾಷೆಯ ಸದ್ದುಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ವಿಡಿಯೋದಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಒಂದು ವರ್ಷದ ಮಕ್ಕಳಿಗೆ ಸ್ಕ್ರೀನ್ ಬೇಡ, ಎರಡು ವರ್ಷವಾದ ಮೇಲೂ ದಿನಕ್ಕೆ ಒಂದು ಗಂಟೆ ದಾಟಬಾರದು ಅಂತ ಹೇಳಿದೆ. ಬರೀ ಹಾಡು ಕೇಳಿಸಿ ನೀವೂ ಜೊತೆಗೆ ಹಾಡಿ ಕುಣಿದರೆ ಅದು ಬೇರೆ ಮಾತು, ಧಾರಾಳವಾಗಿ ಮಾಡಿ.

ದಿನಕ್ಕೆ ಎಷ್ಟು ಹೊತ್ತು? ಐದೈದು ನಿಮಿಷ ಎರಡು ಮೂರು ಸಲ ಆದರೂ ಸಾಕು. ಮಗು ಮುಖ ತಿರುಗಿಸಿತಾ, ಪುಸ್ತಕ ಮುಚ್ಚಿ.

ಒಂದು ವಿಷಯಕ್ಕೆ ಮಾತ್ರ ಗಮನ ಕೊಡಿ. ಮಗುವಿಗೆ ಕಾಣದ ಹಾಗೆ ಹಿಂದಿನಿಂದ ಹಾಡಿದಾಗ, ಹೆಸರು ಹಿಡಿದು ಕರೆದಾಗ ತಿರುಗಿ ನೋಡುತ್ತಿಲ್ಲವಾದರೆ, ಒಂದೂವರೆ ವರ್ಷವಾದರೂ ಒಂದು ಪದವೂ ಬಂದಿಲ್ಲವಾದರೆ, ನಿಧಾನವಾಗಿ ಬರುತ್ತದೆ ಬಿಡಿ ಅನ್ನುವವರ ಮಾತು ಕೇಳಿ ಕಾಯಬೇಡಿ. ಮಕ್ಕಳ ಡಾಕ್ಟರ್ ಹತ್ತಿರ ಹೋಗಿ ಕಿವಿ ಪರೀಕ್ಷೆ ಮಾಡಿಸಿ. ಕಿವಿಯ ತೊಂದರೆ ಬೇಗ ಗೊತ್ತಾದಷ್ಟೂ ಮಾತು ಕಲಿಸುವುದು ಸುಲಭ.