ಮಿಯಾಟಾಗೆ ಹಾಕಿದ ದುಡ್ಡು ವಾಪಸ್ ಬಂತು: ನನ್ನ ಏಳು ವರ್ಷದ ಲೆಕ್ಕ

"ಕಾರಿಗೆ ಹಾಕೋ ದುಡ್ಡು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಗುರು. ಒಂದು ಡಾಲರ್ ವಾಪಸ್ ಬರಲ್ಲ."

2015ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಹಾಸನದ ಗೆಳೆಯ ಹೇಳಿದ ಮಾತು ಇದು. ಆ ವಾರವಷ್ಟೇ ನಾನು ಸ್ಯಾಕ್ರಮೆಂಟೊ ಹತ್ತಿರ ಹೋಗಿ ಒಂದು ಕೆಂಪು ಮಜ್ದಾ ಮಿಯಾಟಾ ತಂದಿದ್ದೆ, ಬಟ್ಟೆ ಚಾವಣಿ ಮಡಚಿ ಓಡಿಸುವ ಎರಡು ಸೀಟಿನ ಪುಟ್ಟ ಕಾರು. 1992ರದು. 1.6 ಲೀಟರ್ ಎಂಜಿನ್, ಐದು ಗೇರು, ಓಪನ್ ಡಿಫ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್, ಸಾದಾ ನಮೂನೆಯದು). 1,18,000 ಮೈಲಿ ಓಡಿತ್ತು. ಕೊಟ್ಟಿದ್ದು 3,800 ಡಾಲರ್. ಮೊದಮೊದಲ ಕಾರುಗಳ ಶಾರ್ಟ್ ನೋಸ್ ಕ್ರ್ಯಾಂಕ್, ಅಂದರೆ ಮೂತಿ ಗಿಡ್ಡ ಇರುವ ಕ್ರ್ಯಾಂಕ್‌ಶಾಫ್ಟ್‌ನ ಮುಂದಿನ ಪುಲ್ಲಿ ಸಡಿಲಾಗುವ ತಲೆನೋವು ಬೇಡ ಅಂತಲೇ 92 ಹುಡುಕಿದ್ದು. 2022ರ ಬೇಸಿಗೆಯಲ್ಲಿ ಅದನ್ನು ಮಾರಿದೆ. ಏಳು ವರ್ಷದಲ್ಲಿ ಹಾಕಿದ ಅಪ್‌ಗ್ರೇಡ್‌ಗಳಲ್ಲಿ ಸರಿಯಾಗಿ ಆರಿಸಿದವು ದುಡ್ಡು ವಾಪಸ್ ಕೊಟ್ಟವು, ಮೇಲೆ ಲಾಭವನ್ನೂ ಕೊಟ್ಟವು. ತಪ್ಪಾಗಿ ಆರಿಸಿದವು ಚೆನ್ನಾಗಿ ಹೊಡೆತ ಕೊಟ್ಟವು. ಎರಡನ್ನೂ ಬರೆಯುತ್ತೇನೆ. ಅಂಕಿಗಳು ನೆನಪಿನಿಂದ ಬಂದವು, ನೂರಿನ್ನೂರು ಆಚೀಚೆ ಇರಬಹುದು.

ನನ್ನ ಪದ್ಧತಿ ಅಮೆರಿಕದಲ್ಲಿ ಕಲಿತದ್ದಲ್ಲ. ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನ ಹತ್ತಿರ ಯೆಜ್ದಿ ರೋಡ್‌ಕಿಂಗ್ ಇತ್ತು, ಅದೇ ಊರಿನ ಫ್ಯಾಕ್ಟರಿಯಲ್ಲಿ ಹುಟ್ಟಿದ ಗಾಡಿ. ಸದ್ದು ಜಾಸ್ತಿ ಬರಲಿ ಅಂತ ಬೇರೆ ಸೈಲೆನ್ಸರ್ ಹಾಕಿಸಿದ ದಿನವೇ ಕಂಪನಿಯ ಜೋಡಿ ಸೈಲೆನ್ಸರ್‌ಗೆ ಗ್ರೀಸ್ ಸವರಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಹದಿನೈದು ವರ್ಷ ಆದಮೇಲೆ ಗಾಡಿ ಕೊಳ್ಳಲು ಬಂದವರು ಬೈಕ್ ಸುತ್ತ ಒಂದು ಸುತ್ತು ಹಾಕಿ ಸುಮ್ಮನೆ ನಿಂತಿದ್ದರು. ಚಿಕ್ಕಪ್ಪ ಅಟ್ಟದಿಂದ ಆ ಚೀಲ ಇಳಿಸಿದರು. ಅಲ್ಲಿಂದ ಮಾತೇ ಬದಲಾಯಿತು, ರೇಟೂ ಬದಲಾಯಿತು. ನಾನಾಗ ಪಿಯುಸಿ. ಆ ಚೀಲ ತಲೆಯಲ್ಲಿ ಉಳಿಯಿತು.

ಹಾಗಾಗಿ ಒಂದು ಪಾರ್ಟ್ ಕೊಳ್ಳುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟೇ: ನಾಳೆ ಇದನ್ನು ಕಾರಿನಿಂದ ಬಿಚ್ಚಿ ಕೈಯಲ್ಲಿ ಹಿಡಿದು ನಿಂತರೆ ಯಾರಾದರೂ ದುಡ್ಡು ಕೊಡುತ್ತಾರಾ? ಕಾರಿನ ಬೆಲೆ ಏರುತ್ತದಾ ಅನ್ನುವುದು ಪ್ರಶ್ನೆಯೇ ಅಲ್ಲ. ಅಪ್‌ಗ್ರೇಡ್ ಮಾಡಿದ ಹಳೇ ಕಾರು ನೋಡಿದ ತಕ್ಷಣ ಕೊಳ್ಳುವವನಿಗೆ ಅನುಮಾನ ಬರುತ್ತದೆ. ಅದೇ ಪಾರ್ಟ್ ಬೇರೆಯಾಗಿ ನೋಡಿದರೆ ಆಸೆ ಬರುತ್ತದೆ. ನಾವು ಆಸೆಗೆ ಮಾರಬೇಕು, ಅಲ್ವಾ?

ಈ ಬುದ್ಧಿ ಇದ್ದೂ ಮೊದಲೆರಡು ವರ್ಷ ನಾನು ದಾರಿ ತಪ್ಪಿದೆ.

ದೊಡ್ಡ ಪೆಟ್ಟು ಟರ್ಬೊದ್ದು. ಸೆಕೆಂಡ್‌ಹ್ಯಾಂಡ್ ಕಿಟ್ 1,900ಕ್ಕೆ ಸಿಕ್ಕಿತು. ಇಂಜೆಕ್ಟರ್, ಕ್ಲಚ್, ಟ್ಯೂನಿಂಗ್ ಅಂತ ಇನ್ನೊಂದು 900 ಹೋಯಿತು. ಓಡಿಸಲು ಸೊಗಸಾಗಿತ್ತು, ಸುಳ್ಳು ಹೇಳಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಟೆಸ್ಟ್ ಇದೆ. ಹೊಗೆ ಮಾತ್ರ ನೋಡುವುದಿಲ್ಲ, ಬಾನೆಟ್ ಎತ್ತಿ ಕಣ್ಣಲ್ಲೂ ನೋಡುತ್ತಾರೆ. ಟೆಸ್ಟ್ ಮಾಡುವವರು ಟಾರ್ಚ್ ಹಿಡಿದು ಬಗ್ಗಿದರು. ಟರ್ಬೊ ನೋಡಿದರು. "ಇದರ ಇಒ ನಂಬರ್ ಎಲ್ಲಿ?" ಅಂದರು. ರಾಜ್ಯದ ಏರ್ ಬೋರ್ಡ್ ಒಪ್ಪಿದ ಪಾರ್ಟ್‌ಗೆ ಆ ನಂಬರ್ ಇರುತ್ತದೆ, ಸ್ಟಿಕರ್ ಎಂಜಿನ್ ಹತ್ತಿರವೇ ಅಂಟಿರಬೇಕು. ನನ್ನ ಕಿಟ್‌ನಲ್ಲಿ ಅರ್ಧ ಸಾಮಾನು ಒಂದು ಕಡೆಯದು, ಇನ್ನರ್ಧ ಇನ್ನೊಂದು ಕಡೆಯದು. ಸ್ಟಿಕರ್ ಇರಲೇ ಇಲ್ಲ. ಫೇಲ್. ಎರಡು ಶನಿವಾರ, ಎರಡು ಭಾನುವಾರ ಕೂತು ಎಲ್ಲ ಬಿಚ್ಚಿ ಹಳೇ ಇನ್‌ಟೇಕು, ಹಳೇ ಎಕ್ಸಾಸ್ಟು ಕೂರಿಸಿದೆ. ಪುಣ್ಯಕ್ಕೆ ಒಂದು ಬೋಲ್ಟೂ ಎಸೆದಿರಲಿಲ್ಲ. ಟರ್ಬೊ ಸಾಮಾನನ್ನು ಬಿಡಿಬಿಡಿಯಾಗಿ ಮಾರಿದಾಗ 1,300 ಬಂತು. ಹದಿನೈದು ನೂರು ನಷ್ಟ.

ಅಂದಿನಿಂದ ಎಂಜಿನ್ ಪಕ್ಕದಲ್ಲಿ ಕೂರುವ ಯಾವ ಸಾಮಾನಿಗೂ ಇಒ ನಂಬರ್ ಇಲ್ಲದೆ ನಾನು ಕೈ ಹಾಕಿಲ್ಲ. ನಂಬರ್ ಇರುವ ಇನ್‌ಟೇಕಿಗೆ ಇಲ್ಲಿ ಯಾವತ್ತೂ ಗಿರಾಕಿ ಇದ್ದಾರೆ. ಇಲ್ಲದ್ದನ್ನು ಪಕ್ಕದ ರಾಜ್ಯ ನೆವಾಡಾದವರು ಬಂದು ಒಯ್ಯಲಿ ಅಂತ ಕಾಯಬೇಕು.

ಎರಡನೇ ಪೆಟ್ಟು ಅಗ್ಗದ ಕಾಯಿಲ್‌ಓವರ್, ಅಂದರೆ ಕಾರಿನ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಸೆಟ್. ಹೊಸದು, 550 ಡಾಲರ್. ಎಂಟು ತಿಂಗಳಿಗೆ ಹಿಂದಿನ ಒಂದು ಶಾಕ್‌ನಿಂದ ಎಣ್ಣೆ ಸುರಿಯಿತು. 120ಕ್ಕೆ ಹೋಯಿತು, ಅದೂ ಚೌಕಾಸಿ ಮಾಡಿ. ಆಮೇಲೆ ಹಾಕಿದ್ದು ಬಿಲ್‌ಸ್ಟೀನ್ ಕಂಪನಿಯ ಹಳೇ ಶಾಕ್, 280ಕ್ಕೆ. ನಾಲ್ಕು ವರ್ಷ ಓಡಿಸಿ 250ಕ್ಕೆ ಮಾರಿದೆ. ನಾಲ್ಕು ವರ್ಷದ ಬಾಡಿಗೆ ಮೂವತ್ತು ಡಾಲರ್!

ಚಕ್ರಗಳದ್ದೂ ಅದೇ ಕಥೆ. ಹೆಸರಾಂತ ಡಿಸೈನ್‌ನ ನಕಲು ಸೆಟ್ 480 ಕೊಟ್ಟು ತಂದೆ. 880 ಹೆದ್ದಾರಿಯ ಒಂದೇ ಗುಂಡಿಗೆ ಎರಡು ಬಗ್ಗಿದವು. ಗುಜರಿಯಲ್ಲಿ ಮೂವತ್ತು ಕೊಟ್ಟರು. ಆಮೇಲೆ ಎಂಕೈ ಕಂಪನಿಯ ಹದಿನೈದು ಇಂಚಿನ ಅಸಲಿ ಆರ್‌ಪಿಎಫ್1 ಚಕ್ರಗಳ ಹಳೇ ಸೆಟ್ 450ಕ್ಕೆ ತಂದೆ. ಒಂದೊಂದು ನಾಲ್ಕೂವರೆ ಕೆ.ಜಿ. ಆಸುಪಾಸು. ಕಿರುಬೆರಳಲ್ಲಿ ಎತ್ತಬಹುದು ಅನ್ನಿಸುತ್ತದೆ. ಐದು ವರ್ಷದ ಮೇಲೆ 500ಕ್ಕೆ ಮಾರಿದೆ. ಅಸಲಿ ಸಾಮಾನಿನ ಹೊಸ ಬೆಲೆ ವರ್ಷ ವರ್ಷ ಏರುತ್ತಾ ಇರುತ್ತದೆ, ಹಳೇದರ ಬೆಲೆ ಅದರ ಬೆನ್ನಿಗೇ ಏರುತ್ತದೆ. ನಕಲಿಗೆ ಆ ಆಸರೆ ಇಲ್ಲ.

ಚಕ್ರದ ಮಾತು ಬಂದಾಗ ನೆನಪಾಯಿತು. ಥಂಡರ್‌ಹಿಲ್ ರೇಸ್ ಟ್ರ್ಯಾಕ್‌ನಲ್ಲಿ ಒಂದು ದಿನ 195 ಅಗಲದ ಟೈರು, ಇನ್ನೊಂದು ದಿನ 205 ಹಾಕಿ ನೋಡಿದೆ. ಎರಡೂ ಒಂದೇ ಕಂಪನಿಯವು. ನನ್ನ ಕೈಯಲ್ಲಿ ಲ್ಯಾಪ್ ಟೈಮ್ ಹೆಚ್ಚುಕಮ್ಮಿ ಒಂದೇ ಬಂತು. 195 ಹಾಕಿದಾಗ ಸ್ಟೀರಿಂಗ್ ಇನ್ನೂ ಚುರುಕು. ಟೈರು ಸವೆಯುವ ವಸ್ತು, ಅದರಲ್ಲಿ ವಾಪಸಾತಿ ಹುಡುಕಬಾರದು. ಆದರೂ ಕೆಲವರು ಸುಮ್ನೆ ಅಗಲದ್ದೇ ಬೇಕು ಅಂತ ದುಡ್ಡು ಸುರಿಯುತ್ತಾರೆ ಅಂತ ಹೇಳಿದೆ. ಲಗುನಾ ಸೆಕಾ ಟ್ರ್ಯಾಕ್‌ಗೂ ಒಂದು ಸಲ ಹೋದೆ. ಅಲ್ಲಿ ಟ್ರ್ಯಾಕ್ ಡೇಗಳಲ್ಲಿ ಸದ್ದಿಗೆ ಮಿತಿ ಇದೆ, ಮೀರಿದರೆ ಒಳಗೆ ಕರೆಯುತ್ತಾರೆ. ಪಕ್ಕದ ಪಿಟ್‌ನವರ ದುಬಾರಿ ಎಕ್ಸಾಸ್ಟ್ ಅವತ್ತು ಮಧ್ಯಾಹ್ನದ ಹೊತ್ತಿಗೇ ಮೂಲೆಗೆ ಸರಿದಿತ್ತು. ನನ್ನ ಕಂಪನಿ ಮಫ್ಲರ್ ಸಂಜೆವರೆಗೂ ಓಡಿತು.

ಡಿಫ್ ವಿಷಯಕ್ಕೆ ಬರೋಣ. 1.6 ಕಾರಿನ ಸಣ್ಣ ಡಿಫ್ ತೆಗೆದು ಆಮೇಲಿನ 1.8 ಲೀಟರ್ ಮಿಯಾಟಾದ ಟಾರ್ಸೆನ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಕೊಡುವ ಡಿಫ್) ಹಾಕುವುದು ಮಿಯಾಟಾದವರಿಗೆಲ್ಲ ಗೊತ್ತಿರುವ ದಾರಿ. ಆಕ್ಸಲ್, ಪ್ರಾಪೆಲ್ಲರ್ ಶಾಫ್ಟ್ ಎಲ್ಲ ಜೊತೆಗೇ ಬೇಕು. ಒಬ್ಬರು ಟಾರ್ಸೆನ್ ಅಂತ 500ಕ್ಕೆ ಕೊಟ್ಟರು. ನಾನು ಆತುರದಲ್ಲಿ ಡಿಕ್ಕಿಗೆ ಹಾಕಿಕೊಂಡು ಬಂದೆ. ಗ್ಯಾರೇಜಿನಲ್ಲಿ ಆಕ್ಸಲ್ ತೂತಿಗೆ ಟಾರ್ಚ್ ಬಿಟ್ಟು ನೋಡಿದರೆ ನಟ್ಟನಡುವೆ ಅಡ್ಡ ಪಿನ್! ಅಂದರೆ ಓಪನ್ ಡಿಫ್. ಫೋನ್ ಮಾಡಿದರೆ ಎತ್ತಲಿಲ್ಲ. 150ಕ್ಕೆ ದಾಟಿಸಿದೆ.

ಎರಡನೇ ಸಲ ಟಾರ್ಚ್ ಜೇಬಿನಲ್ಲೇ ಇತ್ತು. 99ರ ಕಾರಿನಿಂದ ತೆಗೆದ, 4.3 ಗೇರ್ ಅನುಪಾತದ ಟಾರ್ಸೆನ್, ಪೂರ್ತಿ ಸೆಟ್, 900. ಅದು 4.3 ಆಗಿರಬೇಕು ಅಂತ ನಾನು ಹಟ ಹಿಡಿದಿದ್ದೆ. 94ರಿಂದ 97ರ ಕಾರುಗಳ 4.1 ಸುಲಭಕ್ಕೆ ಸಿಗುತ್ತದೆ, ಆದರೆ 1.6ರವರು ಹುಡುಕುವುದು 4.3. ಮಾರುವಾಗ ಅದು ಕೆಲಸಕ್ಕೆ ಬಂತು. 1,150ಕ್ಕೆ ಹೋಯಿತು. ಹಳೇ ಸಣ್ಣ ಡಿಫ್ ವಾಪಸ್ ಕೂರಿಸಲು ಒಂದು ವಾರಾಂತ್ಯ, ಅಷ್ಟೇ.

ಇನ್ನು ನನಗೆ ಹೆಮ್ಮೆ ಇರುವ ವ್ಯವಹಾರ: ಹಾರ್ಡ್‌ಟಾಪ್, ಬಟ್ಟೆ ಚಾವಣಿಯ ಜಾಗದಲ್ಲಿ ಕೂರಿಸಿ ತೆಗೆಯಬಹುದಾದ ಗಟ್ಟಿ ಚಾವಣಿ.

2016ರಲ್ಲಿ ಕಂಪನಿಯ ಹಾರ್ಡ್‌ಟಾಪ್ 1,100 ಡಾಲರ್. ಕಾರಿಗೇ 3,800 ಕೊಟ್ಟವನು ಬರೀ ಚಾವಣಿಗೆ ಸಾವಿರ ಕೊಡುವುದಾ ಅಂತ ರೂಮ್‌ಮೇಟ್ ತಲೆ ಚಚ್ಚಿಕೊಂಡ. ನಾನು ಸ್ಟಾಕ್ಟನ್ ಹತ್ತಿರದ ಒಂದು ಮನೆಯ ಶೆಡ್ಡಿನಲ್ಲಿ ಮುಕ್ಕಾಲು ಗಂಟೆ ಅದನ್ನು ನೋಡಿದೆ. ಹಿಂದಿನ ಕಿಟಕಿ ಗಾಜೇ, ಪ್ಲಾಸ್ಟಿಕ್ ಅಲ್ಲ. ಗಾಜಿನ ಮೇಲೆ ಮಂಜು ಕರಗಿಸುವ ಡಿಫಾಗರ್ ಗೆರೆಗಳು, ತುದಿಯಲ್ಲಿ ತಂತಿ ಸಿಕ್ಕಿಸುವ ಕೊಂಡಿ ಮುರಿದಿಲ್ಲ. ಮುಂದಿನ ಲ್ಯಾಚ್ ಕೂರುವ ಜಾಗದಲ್ಲಿ ಬೆರಳಾಡಿಸಿದೆ, ಬಿರುಕಿಲ್ಲ. ಕೆಂಪು ಬಣ್ಣ ಸ್ವಲ್ಪ ಮಾಸಿತ್ತು, ನನ್ನ ಕಾರಿನದೂ ಹಾಗೇ ಮಾಸಿತ್ತು. ಬಿಸಿಲಿಗೆ ಎರಡೂ ಒಂದೇ ಲೆಕ್ಕದಲ್ಲಿ ಬಿಳುಚಿದ್ದು ನನ್ನ ಅದೃಷ್ಟ. ಇಪ್ಪತ್ತು ಕೆ.ಜಿ. ಚಿಲ್ಲರೆ ತೂಕ, ಇಬ್ಬರು ಬೇಕು. ಯಜಮಾನರೂ ನಾನೂ ಎತ್ತಿ ಬಾಡಿಗೆ ಟ್ರಕ್ಕಿಗೆ ಕಂಬಳಿ ಹಾಸಿ ಮಲಗಿಸಿದೆವು. ಮನೆಗೆ ಬರುವವರೆಗೆ ಎಪ್ಪತ್ತು ಮೈಲಿ ನಾನು ಬಲಗಡೆ ಲೇನ್ ಬಿಡಲಿಲ್ಲ.

ಈ ಚಾವಣಿ ಮುಂದೆ ಏರುತ್ತದೆ ಅಂತ ನನಗೆ ಅನ್ನಿಸಿದ್ದಕ್ಕೆ ಕಾರಣ ಸರಳ. ಪಾಪ್-ಅಪ್ ಲೈಟಿನ ಮಿಯಾಟಾ 97ಕ್ಕೇ ನಿಂತಿತು. ಮುಂದಿನ ತಲೆಮಾರು 2005ಕ್ಕೆ ಮುಗಿಯಿತು. ಆ ಎರಡೂ ತಲೆಮಾರಿಗೆ ಈ ಒಂದೇ ಚಾವಣಿ ಕೂರುತ್ತದೆ. ಟ್ರ್ಯಾಕಿನವರಿಗೂ ಬೇಕು, ಮಳೆಗೆ ಹೆದರುವವರಿಗೂ ಬೇಕು. ಇದ್ದವು ಬಿದ್ದು ಒಡೆಯುತ್ತವೆ, ಕಳ್ಳರು ಒಯ್ಯುತ್ತಾರೆ. ಬೇಕೆನ್ನುವವರು ಜಾಸ್ತಿ, ವಸ್ತು ಕಡಿಮೆ. 2021ರ ನವೆಂಬರ್‌ನಲ್ಲಿ 2,700ಕ್ಕೆ ಮಾರಿದೆ. ಮೂವರು ಸಾಲಿನಲ್ಲಿದ್ದರು.

ನವೆಂಬರ್ ಅಂದೆ ಅಲ್ವಾ, ಅದು ಬೇಕಂತಲೇ. ಇಲ್ಲಿ ಮಳೆ ಶುರುವಾಗುವುದು ಆಗ. ಚಾವಣಿ ಮಳೆಗೆ ಮುಂಚೆ ಮಾರಬೇಕು. ಚಕ್ರ, ಶಾಕ್ ಇವನ್ನು ಮಾರ್ಚ್‌ನಲ್ಲಿ ಮಾರಬೇಕು, ಟ್ಯಾಕ್ಸ್ ರಿಫಂಡ್ ಜನರ ಖಾತೆಗೆ ಬಿದ್ದಿರುತ್ತದೆ. ಇದನ್ನು ಒರೆಗೆ ಹಚ್ಚಿ ನೋಡಿದ್ದೇನೆ. ಅದೇ ಆರ್‌ಪಿಎಫ್1 ಸೆಟ್ ಡಿಸೆಂಬರ್‌ನಲ್ಲಿ 450ಕ್ಕೆ ಇಟ್ಟಾಗ ಒಬ್ಬರೂ ತಿರುಗಿ ನೋಡಲಿಲ್ಲ. ತೆಗೆದುಬಿಟ್ಟೆ. ಮಾರ್ಚ್‌ನಲ್ಲಿ ಅದೇ ಫೋಟೊ, 500 ಅಂದೆ, ಎರಡು ದಿನದಲ್ಲಿ ಹೋಯಿತು. ಕೊಳ್ಳಲು ಯಾವ ತಿಂಗಳು ಒಳ್ಳೆಯದು ಅಂತ ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಹಾರ್ಡ್ ಡಾಗ್ ಕಂಪನಿಯ ರೋಲ್ ಬಾರ್, ಅಂದರೆ ಸೀಟಿನ ಹಿಂದೆ ನಿಲ್ಲುವ ಕಬ್ಬಿಣದ ಕಮಾನು, ಮಾತ್ರ ನನ್ನ ಪದ್ಧತಿಗೆ ಸ್ವಲ್ಪ ಅಡ್ಡ. ಕಾರಿನ ಬಾಡಿಯಲ್ಲಿ ತೂತು ಕೊರೆಯಲೇಬೇಕು. 520ಕ್ಕೆ ತಂದು 350ಕ್ಕೆ ಮಾರಿದೆ, ತೂತಿಗೆ ರಬ್ಬರ್ ಬಿರಡೆ ಹಾಕಿ, ಆ ವಿಷಯ ಕಾರು ಕೊಂಡವರಿಗೆ ಬಾಯಿಬಿಟ್ಟು ಹೇಳಿ ತೋರಿಸಿದೆ. ಆ 170 ನನಗೆ ನಷ್ಟ ಅನ್ನಿಸುವುದಿಲ್ಲ. ಟ್ರ್ಯಾಕಿನಲ್ಲಿ ತೆರೆದ ಕಾರು ಉರುಳಿದರೆ ತಲೆ ಕಾಯುವುದು ಅದೊಂದೇ.

ಪಾರ್ಟ್‌ಗಳ ಒಟ್ಟು ಲೆಕ್ಕ ಹೀಗಿದೆ. ಸರಿಯಾಗಿ ಆರಿಸಿದವುಗಳಿಗೆ ಹೋದದ್ದು 3,250, ಬಂದದ್ದು 4,950. ತಪ್ಪಿದವುಗಳಿಗೆ ಹೋದದ್ದು 4,330, ಬಂದದ್ದು 1,600. ಟರ್ಬೊ ಹುಚ್ಚು ಒಂದು ಇಲ್ಲದಿದ್ದರೆ ಪಾರ್ಟ್‌ಗಳಲ್ಲೇ ಲಾಭದಲ್ಲಿರುತ್ತಿದ್ದೆ.

ಕಾರು ಮಾರುವ ಹೊತ್ತಿಗೆ ಅದು ಪೂರ್ತಿ ಕಂಪನಿಯಿಂದ ಬಂದ ಹಾಗಿತ್ತು. ಕಂಪನಿಯದೇ ಹಳೇ ಹದಿನಾಲ್ಕು ಇಂಚಿನ ಡೈಸಿ ಚಕ್ರ, ಹಳೇ ಶಾಕ್, ಹಳೇ ಡಿಫ್. ಕ್ಯಾಲಿಫೋರ್ನಿಯಾದಲ್ಲಿ ಮಾರುವವರೇ ಸ್ಮಾಗ್ ಸರ್ಟಿಫಿಕೇಟ್ ಕೊಡಬೇಕು. ಈ ಸಲ ಹತ್ತಿಪ್ಪತ್ತು ನಿಮಿಷದಲ್ಲಿ ಪಾಸ್. ಕೊಳ್ಳಲು ಬಂದವರು ಗಂಡ ಹೆಂಡತಿ. ಬಾನೆಟ್ ಎತ್ತಿ, ಯಾರೂ ಕೈಯಾಡಿಸದ ವೈರಿಂಗ್ ನೋಡಿ ಆಕೆ ಗಂಡನ ಮುಖ ನೋಡಿದರು. ರಸೀದಿಗಳ ಫೈಲ್ ತೆಗೆದು ಮುಂದಿಟ್ಟೆ: ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಸಾಫ್ಟ್‌ಟಾಪ್, ಎಲ್ಲದರ ತಾರೀಕು ಮೈಲಿ ಸಮೇತ. 8,200 ಕೊಟ್ಟರು. ಕೋವಿಡ್ ಆದಮೇಲೆ ಹಳೇ ಕಾರುಗಳ ಬೆಲೆ ಎಲ್ಲೆಡೆ ಏರಿತ್ತು, ಅದರ ಪಾಲೂ ಇದರಲ್ಲಿದೆ. ಆದರೆ ಅದೇ ತಿಂಗಳು ಅದೇ ವರ್ಷದ, ಟರ್ಬೊ ಹಾಕಿ ಬಣ್ಣ ಬದಲಿಸಿದ ಇನ್ನೊಂದು ಕಾರು 6,000ಕ್ಕೂ ಹೋಗದೆ ನಿಂತಿದ್ದನ್ನು ನಾನೇ ನೋಡಿದ್ದೇನೆ. ರಿಪೇರಿ, ಟೈರು ಅಂತ ಏಳು ವರ್ಷದಲ್ಲಿ 3,500 ಆಗಿರಬಹುದು. ಎಲ್ಲ ಕೂಡಿ ಕಳೆದರೆ ಇನ್ಶೂರೆನ್ಸು, ಪೆಟ್ರೋಲು ಬಿಟ್ಟು ಕಾರು ನನಗೆ ಹೆಚ್ಚುಕಮ್ಮಿ ಬಿಟ್ಟಿ ಓಡಿದೆ.

ಹಾಸನದ ಗೆಳೆಯ ಈಗ ಬೆಂಗಳೂರಿನಲ್ಲಿದ್ದಾನೆ, ಪೋಲೋ ಜಿಟಿ ಇಟ್ಟುಕೊಂಡಿದ್ದಾನೆ. ಕಳೆದ ತಿಂಗಳು ಫೋನ್ ಮಾಡಿ, "ಏನು ಹಾಕ್ಲಿ ಗುರು?" ಅಂತ ಕೇಳಿದ. ಅಲ್ಲಿನ ಆಟ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ಹೊಂದದ ಹಾಗೆ ಕಾರು ಬದಲಿಸುವಂತಿಲ್ಲ. ಒಳ್ಳೇ ಟೈರು, ಒಳ್ಳೇ ಬ್ರೇಕ್ ಪ್ಯಾಡು ಹಾಕು, ಕಂಪನಿ ಚಕ್ರ ಮಾತ್ರ ಯಾರಿಗೂ ಕೊಡಬೇಡ ಅಂದೆ. "ಗೋಣಿಚೀಲ ರೆಡಿ ಇದೆ ಮಾರಾಯ" ಅಂದ.

ಮಾರದೆ ಉಳಿಸಿಕೊಂಡದ್ದು ಒಂದೇ, ಜಪಾನಿನಲ್ಲಿ ಮಾರುತ್ತಿದ್ದ ವಿ-ಸ್ಪೆಷಲ್ ಮಿಯಾಟಾದಿಂದ ಬಂದ, ನಾರ್ಡಿ ಕಂಪನಿಯ ಮರದ ಸ್ಟೀರಿಂಗು ಮತ್ತು ಗೇರ್ ನಾಬಿನ ಜೋಡಿ. ಜೋಡಿಗೆ 400 ಕೊಟ್ಟಿದ್ದೆ. ಈಗ 2001ರ ಎರಡನೇ ತಲೆಮಾರಿನ ಮಿಯಾಟಾ ತಂದಿದ್ದೇನೆ, ಆರು ಗೇರಿನದು. ನಾಬು ಅದರಲ್ಲೇ ಕೂತಿದೆ. ಕಂಪನಿಯ ನಾಬು ಒಂದು ಡಬ್ಬದಲ್ಲಿದೆ, ಮೇಲೆ ತಾರೀಕು ಬರೆದು ಅಂಟಿಸಿದ್ದೇನೆ. ಹೋದ ವಾರ ಅದರ ಪಕ್ಕಕ್ಕೆ ಬಿಬಿಎಸ್ ಕಂಪನಿಯ ಹದಿನಾಲ್ಕು ಇಂಚಿನ ಅಸಲಿ ಚಕ್ರ ನಾಲ್ಕು ಬಂದವು, ಎಲ್ಲ ಸೇರಿ 200 ಡಾಲರ್. ಎಲ್ಲಿ ಸಿಕ್ಕವು ಅಂತ ಮೂರು ಜನ ಕೇಳಿದರು. ನ್ಯೂವಾರ್ಕ್‌ನ ಕಾರು ಗುಜರಿ ಪಿಕ್-ಎನ್-ಪುಲ್ ಅಲ್ಲ, ಅಷ್ಟು ಮಾತ್ರ ಹೇಳಿದೆ.